ನೆರೆಯ ಬಿಂದುಗಳ ಲೆಕ್ಕ: ಬೆಂಗಳೂರಿನಲ್ಲಿ ಸಮಾಂತರ ಗಣನೆ ಬೇರೂರಿದ ಬಗೆ

ಭಾರತದಲ್ಲಿ ನಿರ್ಮಾಣಗೊಂಡ ಮೊದಲ ಸಮಾಂತರ ಗಣಕಯಂತ್ರ 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿತು. ಫ್ಲೋಸಾಲ್ವರ್ ಎಂದು ಹೆಸರಾದ ಆ ಯಂತ್ರದ ಮೊದಲ ಮಾದರಿಯಲ್ಲಿ ಇದ್ದದ್ದು ಕೇವಲ ನಾಲ್ಕು ಪ್ರೊಸೆಸರ್‌ಗಳು. ಅವೂ ಆ ಕಾಲದ ಸಾಮಾನ್ಯ ಪರ್ಸನಲ್ ಕಂಪ್ಯೂಟರುಗಳ ಪೀಳಿಗೆಗೆ ಸೇರಿದ ಇಂಟೆಲ್ 8086 ಚಿಪ್ಪುಗಳು, ಮತ್ತು ದಶಮಾಂಶ ಲೆಕ್ಕಕ್ಕೆ ನೆರವಾಗುವ 8087 ಎಂಬ ಅವುಗಳ ಜೊತೆಗಾರ ಚಿಪ್ಪುಗಳು. ಸಮಾಂತರ ಗಣನೆ ಎಂದರೆ ಒಂದೇ ಲೆಕ್ಕವನ್ನು ಹಲವು ಭಾಗಗಳಾಗಿ ಒಡೆದು ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಹಂಚಿ, ಅವೆಲ್ಲವೂ ಏಕಕಾಲದಲ್ಲಿ ದುಡಿಯುವಂತೆ ಮಾಡಿ, ನಡುನಡುವೆ ತಮ್ಮತಮ್ಮಲ್ಲಿ ಮಾಹಿತಿ ವಿನಿಮಯ ಮಾಡಿಕೊಳ್ಳಲು ಬಿಟ್ಟು, ಕೊನೆಗೆ ಒಂದೇ ಉತ್ತರಕ್ಕೆ ಬರುವ ವಿಧಾನ. ಇಂದು ಕಿಸೆಯಲ್ಲಿರುವ ಮೊಬೈಲಿನಲ್ಲೂ ಹಲವು ಪ್ರೊಸೆಸರ್‌ಗಳು ಒಟ್ಟಿಗೆ ದುಡಿಯುತ್ತವೆ. ಆದರೆ ವಿಜ್ಞಾನದ ಲೆಕ್ಕವೆಂದರೆ ಅತಿವೇಗದ ಒಂದೇ ಯಂತ್ರದ ಕೆಲಸ ಎಂದು ನಂಬಿದ್ದ 1980ರ ದಶಕದಲ್ಲಿ, ಅಗ್ಗದ ನಾಲ್ಕು ಚಿಪ್ಪುಗಳನ್ನು ಒಂದೇ ಸಮೀಕರಣಕ್ಕೆ ಹೂಡುವುದು ಹಲವರಿಗೆ ವಿಚಿತ್ರವಾಗಿ ಕಂಡಿತ್ತು.

ಭಾರತದ ಸೂಪರ್‌ಕಂಪ್ಯೂಟರುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ನಿರಾಕರಣೆಯ ಕಥೆಯಾಗಿ ಹೇಳಲಾಗುತ್ತದೆ. ಅಮೆರಿಕವು ಕ್ರೇ ಕಂಪನಿಯ ಯಂತ್ರವನ್ನು ಕೊಡಲು ಒಪ್ಪಲಿಲ್ಲ, ಅದರಿಂದ ಕೆರಳಿದ ದೇಶ ಸ್ವಂತ ಯಂತ್ರವನ್ನು ಕಟ್ಟಿತು ಎಂಬ ಈ ಕಥೆಯಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಸಾಕಾಗುವುದಿಲ್ಲ. ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿದ್ದು 1988ರಲ್ಲಿ, ಅದರ ಪರಮ್ 8000 ಯಂತ್ರ ಸಿದ್ಧವಾದದ್ದು 1991ರಲ್ಲಿ. ಬೆಂಗಳೂರಿನ ಯಂತ್ರ ಅವೆರಡಕ್ಕಿಂತ ಮೊದಲೇ ಓಡುತ್ತಿತ್ತು. ಅದಕ್ಕೂ ಮುನ್ನ, ಕ್ರೇ ಯಂತ್ರಗಳನ್ನು ಕೊಳ್ಳಲು ಯಾವ ಅಡ್ಡಿಯೂ ಇಲ್ಲದ ಅಮೆರಿಕದಲ್ಲಿಯೇ ಭೌತವಿಜ್ಞಾನಿಗಳು ಅಗ್ಗದ ಚಿಪ್ಪುಗಳನ್ನು ಜೋಡಿಸಿ ಸಮಾಂತರ ಯಂತ್ರಗಳನ್ನು ಕಟ್ಟಿಕೊಂಡಿದ್ದರು. ಆದ್ದರಿಂದ ಕಾರಣವನ್ನು ರಾಜತಾಂತ್ರಿಕ ಪತ್ರವ್ಯವಹಾರದಲ್ಲಿ ಮಾತ್ರ ಹುಡುಕದೆ, ಆ ವಿಜ್ಞಾನಿಗಳು ಬಿಡಿಸಲು ಹೊರಟಿದ್ದ ಸಮೀಕರಣಗಳ ಒಳರಚನೆಯಲ್ಲಿಯೂ ಹುಡುಕಬೇಕಾಗುತ್ತದೆ.

ಗಾಳಿ, ನೀರು, ಶಾಖ, ವಿದ್ಯುತ್‌ಕ್ಷೇತ್ರ ಇವೆಲ್ಲವನ್ನೂ ಭೌತವಿಜ್ಞಾನವು ಕ್ಷೇತ್ರಗಳೆಂದು ಕರೆಯುತ್ತದೆ. ಎಂದರೆ ಅವಕಾಶದ ಪ್ರತಿಯೊಂದು ಬಿಂದುವಿನಲ್ಲಿಯೂ ಒಂದು ಬೆಲೆಯನ್ನು ಹೊಂದಿರುವ ರಾಶಿಗಳು. ಇವುಗಳ ಸಮೀಕರಣಗಳಿಗೆಲ್ಲ ಒಂದು ಸಮಾನ ಗುಣವಿದೆ: ಒಂದು ಬಿಂದುವಿನಲ್ಲಿ ಮುಂದಿನ ಕ್ಷಣ ಏನಾಗುತ್ತದೆ ಎಂಬುದನ್ನು ಅದರ ಹತ್ತಿರದ ನೆರೆಯ ಬಿಂದುಗಳು ತೀರ್ಮಾನಿಸುತ್ತವೆಯೇ ಹೊರತು ದೂರದವು ನೇರವಾಗಿ ಅಲ್ಲ. ದೂರದ ಪ್ರಭಾವ ಬರುವುದಿದ್ದರೆ ನಡುವಿನ ಬಿಂದುಗಳನ್ನು ಒಂದೊಂದಾಗಿ ದಾಟಿಯೇ ಬರಬೇಕು. ಹಂಚಿಕೊಂಡ ಹೊಲದಲ್ಲಿ ಒಬ್ಬೊಬ್ಬ ರೈತ ತನ್ನ ಪಾಲನ್ನು ತಾನೇ ಉತ್ತು, ನೀರು ಹರಿಸುವಾಗ ಮಾತ್ರ ಬದುವಿನ ಆಚೆಯವನನ್ನು ಕೇಳುವಂತೆ, ಒಂದೊಂದು ಪ್ರೊಸೆಸರ್ ತನ್ನ ಪಾಲಿನ ಬಿಂದುಗಳ ಲೆಕ್ಕವನ್ನು ತಾನೇ ಮಾಡಿ, ಅಂಚಿನಲ್ಲಿರುವ ಬಿಂದುಗಳಿಗಾಗಿ ಮಾತ್ರ ಪಕ್ಕದ ಪ್ರೊಸೆಸರ್ ಅನ್ನು ಕೇಳಿದರೆ ಸಾಕು. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಹವಾಮಾನವನ್ನು ಲೆಕ್ಕದಿಂದ ಮುನ್ಸೂಚಿಸುವ ಕುರಿತು ಬರೆದ ಗ್ರಂಥದಲ್ಲಿ, ಭೂಮಂಡಲವನ್ನೆಲ್ಲ ಚೌಕಗಳಾಗಿ ಒಡೆದು, 64,000 ಮನುಷ್ಯರನ್ನು ಒಂದು ದೊಡ್ಡ ಸಭಾಂಗಣದಲ್ಲಿ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಚೌಕದ ಲೆಕ್ಕ ಮಾಡಿ ನೆರೆಯವರಿಗೆ ತೋರಿಸುವಂಥ ವ್ಯವಸ್ಥೆಯನ್ನು ಕಲ್ಪಿಸಿದ್ದನು. ವಿದ್ಯುನ್ಮಾನ ಗಣಕವೇ ಇಲ್ಲದಿದ್ದ ಕಾಲದಲ್ಲಿ ಸಮಾಂತರ ಗಣಕದ ನಕ್ಷೆ ಹೀಗೆ ಸಿದ್ಧವಾಗಿತ್ತು.

ನೆರೆಯ ಬಿಂದುಗಳನ್ನಷ್ಟೇ ಅವಲಂಬಿಸುವ ಈ ಗುಣ ಅತ್ಯಂತ ಕಟ್ಟುನಿಟ್ಟಾಗಿ ಕಾಣುವುದು ಪರಮಾಣುಬೀಜದ ಒಳಗಿನ ಭೌತವಿಜ್ಞಾನದಲ್ಲಿ. ಪ್ರೋಟಾನು, ನ್ಯೂಟ್ರಾನುಗಳು ಕ್ವಾರ್ಕ್ ಎಂಬ ಕಣಗಳಿಂದಾಗಿವೆ. ಕ್ವಾರ್ಕುಗಳನ್ನು ಹಿಡಿದಿಟ್ಟಿರುವ ಬಲವನ್ನು ಗ್ಲುವಾನುಗಳು ಹೊರುತ್ತವೆ. ಈ ಬಲದ ಸಿದ್ಧಾಂತಕ್ಕೆ ಕ್ವಾಂಟಂ ಕ್ರೋಮೋಡೈನಮಿಕ್ಸ್ ಎಂದು ಹೆಸರು. ಕ್ವಾರ್ಕುಗಳು ಪರಸ್ಪರ ಬಹಳ ಸಮೀಪವಿದ್ದಾಗ ಈ ಬಲ ದುರ್ಬಲವಾಗುತ್ತದೆಂದು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಸರ್ ತೋರಿಸಿಕೊಟ್ಟರು. ಅದಕ್ಕಾಗಿ 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಪ್ರೋಟಾನಿನ ಗಾತ್ರದಷ್ಟು ದೂರದಲ್ಲಿ ಬಲ ಎಷ್ಟು ಪ್ರಬಲವಾಗುತ್ತದೆಂದರೆ, ಸಣ್ಣ ಸಣ್ಣ ತಿದ್ದುಪಡಿಗಳನ್ನು ಕೂಡಿಸುತ್ತ ಉತ್ತರಕ್ಕೆ ಸಮೀಪಿಸುವ ಕಾಗದ-ಪೆನ್ಸಿಲಿನ ವಿಧಾನ ಅಲ್ಲಿ ನಿಷ್ಪ್ರಯೋಜಕವಾಗುತ್ತದೆ. 1974ರಲ್ಲಿ ಕೆನೆತ್ ವಿಲ್ಸನ್ ಇದಕ್ಕೊಂದು ದಾರಿ ತೋರಿಸಿದನು: ಅವಿಚ್ಛಿನ್ನವಾದ ದೇಶಕಾಲದ ಬದಲು ಬಿಂದುಗಳ ಜಾಲಕವೊಂದನ್ನು ಇಟ್ಟು, ಬಿಂದುಗಳ ಮೇಲೆ ಕ್ವಾರ್ಕುಗಳನ್ನೂ ಬಿಂದುಗಳನ್ನು ಜೋಡಿಸುವ ಕೊಂಡಿಗಳ ಮೇಲೆ ಗ್ಲುವಾನುಗಳನ್ನೂ ಇರಿಸುವುದು. ಕೊಂಡಿಯೊಂದರ ಮೇಲೆ ಕೂರುವುದು ಮೂರು ಸಾಲು, ಮೂರು ಕಂಬದ, ಮಿಶ್ರ ಸಂಖ್ಯೆಗಳ ಒಂದು ಮಾತೃಕೆ, ಎಂದರೆ 18 ನೈಜ ಸಂಖ್ಯೆಗಳು. ಜಾಲಕಕ್ಕೆ ಮೂರು ದಿಕ್ಕು ದೇಶದವು, ನಾಲ್ಕನೆಯದು ಕಾಲದ್ದು. ಪ್ರತಿ ದಿಕ್ಕಿನಲ್ಲೂ 32 ಬಿಂದುಗಳಿರುವ, ಇಂದಿನ ಮಟ್ಟಿಗೆ ಚಿಕ್ಕದೇ ಎನ್ನಬಹುದಾದ ಜಾಲಕದಲ್ಲಿ 10,48,576 ಬಿಂದುಗಳೂ ಅದರ ನಾಲ್ಕು ಪಟ್ಟು ಕೊಂಡಿಗಳೂ ಇರುತ್ತವೆ. ಕೊಂಡಿಗಳ ಮೇಲಿನ ಸಂಖ್ಯೆಗಳೇ ಏಳೂವರೆ ಕೋಟಿಯಷ್ಟಾಗುತ್ತವೆ. ಇದು ಗ್ಲುವಾನ್ ಕ್ಷೇತ್ರದ ಒಂದೇ ಒಂದು ವಿನ್ಯಾಸ. ಕ್ವಾಂಟಂ ಸಿದ್ಧಾಂತದ ಉತ್ತರ ಬರಬೇಕಾದರೆ ಇಂಥ ಎಲ್ಲ ಸಾಧ್ಯ ವಿನ್ಯಾಸಗಳ ಮೇಲೆ ಸರಾಸರಿ ತೆಗೆಯಬೇಕು. ಎಲ್ಲವನ್ನೂ ಎಣಿಸುವುದು ಅಸಾಧ್ಯವಾದ್ದರಿಂದ, ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಮಹತ್ವದ ವಿನ್ಯಾಸಗಳನ್ನು ಮಾತ್ರ ಆಯ್ದು ಸರಾಸರಿ ಮಾಡುವ ಮಾಂಟೆ ಕಾರ್ಲೊ ವಿಧಾನವನ್ನು ಅನುಸರಿಸಲಾಗುತ್ತದೆ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಮೈಕೆಲ್ ಕ್ರೂಟ್ಸ್ 1980ರ ಸುಮಾರಿಗೆ, ಪ್ರತಿ ದಿಕ್ಕಿಗೆ ಹತ್ತರಷ್ಟು ಬಿಂದುಗಳ ಪುಟ್ಟ ಜಾಲಕಗಳ ಮೇಲೆ ಈ ವಿಧಾನವನ್ನು ಪ್ರಯೋಗಿಸಿ, ಕ್ವಾರ್ಕುಗಳು ಬಿಡಿಯಾಗಿ ಏಕೆ ಸಿಗುವುದಿಲ್ಲವೆಂಬುದರ ಸುಳಿವು ಸಂಖ್ಯೆಗಳಲ್ಲಿಯೇ ಕಾಣುತ್ತದೆಂದು ತೋರಿಸಿದ ಮೇಲೆ, ಭೌತವಿಜ್ಞಾನಿಗಳಿಗೆ ಯಂತ್ರದ ಹಸಿವು ಹತ್ತಿತು. ಈ ಲೆಕ್ಕದಲ್ಲಿ ಕೊಂಡಿಯೊಂದನ್ನು ಬದಲಿಸಲು ಅದರ ಸುತ್ತಲಿನ ಕೆಲವೇ ಕೊಂಡಿಗಳ ಪರಿಚಯ ಸಾಕು. ಆದರೆ ಅಕ್ಕಪಕ್ಕದ ಕೊಂಡಿಗಳನ್ನು ಒಟ್ಟಿಗೇ ಬದಲಿಸುವಂತಿಲ್ಲ, ಹಾಗಾಗಿ ಬಿಂದುಗಳನ್ನು ಸಮ ಮತ್ತು ಬೆಸ ಎಂದು ಎರಡು ಗುಂಪು ಮಾಡಿ, ಒಂದು ಗುಂಪು ಸ್ತಬ್ಧವಾಗಿರುವಾಗ ಇನ್ನೊಂದರ ಕೊಂಡಿಗಳನ್ನು ದಿಕ್ಕಿನಿಂದ ದಿಕ್ಕಿಗೆ ಏಕಕಾಲದಲ್ಲಿ ಬದಲಿಸುತ್ತಾರೆ. ಸಮಾಂತರ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಕೆಲಸ ಸಿಗುವುದು ಕಷ್ಟ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಗಣಕ ವಿಜ್ಞಾನಿ ಚಾರ್ಲ್ಸ್ ಸೈಟ್ಸ್ ಮತ್ತು ಭೌತವಿಜ್ಞಾನಿ ಜೆಫ್ರಿ ಫಾಕ್ಸ್ ಸೇರಿ 64 ಪ್ರೊಸೆಸರ್‌ಗಳ ಕಾಸ್ಮಿಕ್ ಕ್ಯೂಬ್ ಎಂಬ ಯಂತ್ರವನ್ನು 1983ರಲ್ಲಿ ನಡೆಸತೊಡಗಿದಾಗ, ಅದಕ್ಕೆ ಕೊಟ್ಟ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಗ್ಲುವಾನುಗಳ ಈ ಜಾಲಕ ಗಣನೆಯೂ ಒಂದಾಗಿತ್ತು. ಅದರ ಚಿಪ್ಪುಗಳೂ 8086 ಮತ್ತು 8087. ಮೂರು ವರ್ಷದ ನಂತರ ಬೆಂಗಳೂರಿನಲ್ಲಿ ಬಳಕೆಯಾದವೂ ಅವೇ. ಅದೇ ವರ್ಷಗಳಲ್ಲಿ ಕ್ಯಾಲ್‌ಟೆಕ್‌ನ ರಿಚರ್ಡ್ ಫೈನ್‌ಮನ್, ಕನೆಕ್ಷನ್ ಮಷೀನ್ ಎಂಬ ಮತ್ತೊಂದು ಸಮಾಂತರ ಯಂತ್ರವನ್ನು ಕಟ್ಟುತ್ತಿದ್ದ ಕಂಪನಿಯಲ್ಲಿ ಬೇಸಿಗೆಯ ಕೆಲಸಕ್ಕೆ ಹೋಗಿ, ಕ್ವಾಂಟಂ ಕ್ರೋಮೋಡೈನಮಿಕ್ಸ್‌ನ ಲೆಕ್ಕ ಅದರ ಮೇಲೆ ಎಷ್ಟು ವೇಗವಾಗಿ ಓಡೀತೆಂದು ಕೈಯಿಂದಲೇ ಅಂದಾಜು ಮಾಡಿದ್ದನು. ಆಗ ಕ್ಯಾಲ್‌ಟೆಕ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದು ಜಾಲಕ ಗಣನೆಯಲ್ಲಿ ಪಳಗಿದವರಲ್ಲಿ ಅಪೂರ್ವ ಪಟೇಲ್ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನೆಲೆಸಿದರು.

ಬೆಂಗಳೂರಿನಲ್ಲಿ ಮಾತ್ರ ಆರಂಭವಾದದ್ದು ಕ್ವಾರ್ಕಿನಿಂದಲ್ಲ, ಗಾಳಿಯಿಂದ. 1984ರಲ್ಲಿ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾದ ರೊದ್ದಂ ನರಸಿಂಹ ಅವರು ಪ್ರವಾಹಗಳ ವಿಜ್ಞಾನದಲ್ಲಿ ಜಗತ್ತಿನ ಮೊದಲ ಸಾಲಿನ ವಿದ್ವಾಂಸರಾಗಿದ್ದರು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯನ್ನು ತಿಳಿಯಲು ಗಾಳಿಸುರಂಗದ ಪ್ರಯೋಗಗಳ ಜೊತೆಗೆ ಗಣನೆಯೂ ಅಗತ್ಯವಾಗುತ್ತಿದ್ದ ಕಾಲವದು. ದೇಶದ ಹಗುರ ಯುದ್ಧವಿಮಾನದ ಯೋಜನೆಯೂ ಬೆಂಗಳೂರಿನಲ್ಲಿಯೇ ಆರಂಭವಾಗಿತ್ತು. ಪ್ರವಾಹದ ಸಮೀಕರಣಗಳು ಬಿಂದುಜಾಲದ ಮೇಲೆ ನೆರೆಹೊರೆಯ ಲೆಕ್ಕಗಳಾಗಿ ಒಡೆಯುವಂಥವೇ ಆದ್ದರಿಂದ, ದುಬಾರಿ ಯಂತ್ರಕ್ಕೆ ಕಾಯುವ ಬದಲು ಸಮಸ್ಯೆಯ ಆಕಾರಕ್ಕೆ ತಕ್ಕ ಯಂತ್ರವನ್ನೇ ಕಟ್ಟಬಹುದೆಂಬ ತೀರ್ಮಾನಕ್ಕೆ ಬರಲಾಯಿತು. ಆ ಹೊಣೆ ಹೊತ್ತು ಮುಂದಿನ ಎರಡು ದಶಕ ಅದನ್ನು ನಡೆಸಿದ ತಂಡದ ಮುಖ್ಯಸ್ಥರು ಯು.ಎನ್. ಸಿನ್ಹಾ. ಯಂತ್ರ ಕಟ್ಟಿದವರೇ ಅದರ ಮೇಲೆ ಸಮೀಕರಣ ಬಿಡಿಸುವವರೂ ಆಗಿದ್ದದ್ದು ಫ್ಲೋಸಾಲ್ವರ್‌ನ ವಿಶೇಷ. ಪರಮ್‌ಗೆ ಹೋಲಿಸಿದರೆ ಅದರ ಹೆಸರು ಜನರ ಬಾಯಲ್ಲಿ ಉಳಿಯದಿರುವುದಕ್ಕೂ ಅದೇ ಕಾರಣವಿರಬೇಕು. ಪ್ರಯೋಗಾಲಯದ ಒಂದು ಉಪಕರಣವಾಗಿ ಹುಟ್ಟಿದ ಅದು ಮಾರಾಟದ ಸರಕಾಗಲಿಲ್ಲ, ಪತ್ರಿಕೆಗಳ ಮುಖಪುಟಕ್ಕೂ ಹೆಚ್ಚು ಬರಲಿಲ್ಲ.

ನಿರಾಕರಣೆಯ ಕಥೆ ಬರುವುದು ಇದರ ಪಕ್ಕದಲ್ಲಿ. ಹವಾಮಾನ ಮುನ್ಸೂಚನೆಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಸೂಪರ್‌ಕಂಪ್ಯೂಟರ್ ತರಿಸಲು ರಾಜೀವ್ ಗಾಂಧಿ ಸರ್ಕಾರ ಅಮೆರಿಕದೊಡನೆ ನಡೆಸಿದ ಸುದೀರ್ಘ ಮಾತುಕತೆಯ ಫಲವಾಗಿ ದೆಹಲಿಯ ಹವಾಮಾನ ಕೇಂದ್ರಕ್ಕೆ ಕ್ರೇ ಎಕ್ಸ್‌ಎಂಪಿ-14 ಯಂತ್ರ ಬಂದಿತು. ಬೆಂಗಳೂರಿನ ಸಂಸ್ಥೆಯ ಪಾಲಿಗೆ ಪರವಾನಗಿ ದೊರೆಯಲಿಲ್ಲ. 1988ನೆಯ ವರ್ಷ ಈ ಚರಿತ್ರೆಯಲ್ಲಿ ಒಂದು ಗಂಟು. ಸಿ-ಡ್ಯಾಕ್, ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರ, ಬೆಂಗಳೂರಿನಲ್ಲಿ ಗಣಿತೀಯ ಮಾದರಿಗಳಿಗೆಂದೇ ಹುಟ್ಟಿದ ಸಿ-ಮ್ಯಾಕ್ಸ್, ಮತ್ತು ಹಿಂದಿನ ವರ್ಷದ ಭೀಕರ ಬರದ ಬೆನ್ನಿಗೇ ಬಂದ ಕರ್ನಾಟಕ ಸರ್ಕಾರದ ಬರ ಉಸ್ತುವಾರಿ ಘಟಕ, ಈ ನಾಲ್ಕೂ ಅದೇ ವರ್ಷದವು. ವಿಜಯ್ ಭಟ್ಕರ್ ಅವರ ನೇತೃತ್ವದ ಸಿ-ಡ್ಯಾಕ್‌ನ ಪರಮ್ 8000ಕ್ಕೆ ಆಧಾರವಾದದ್ದು ಟ್ರಾನ್ಸ್‌ಪ್ಯೂಟರ್ ಎಂಬ ಬ್ರಿಟಿಷ್ ಚಿಪ್ಪು. ಒಂದೊಂದು ಟ್ರಾನ್ಸ್‌ಪ್ಯೂಟರಿಗೂ ಹುಟ್ಟಿನಿಂದಲೇ ನಾಲ್ಕು ಸಂಪರ್ಕ ತಂತುಗಳಿದ್ದವು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳ ನೆರೆಯವರೊಡನೆ ಮಾತಾಡಲು ಅವು ಸಾಕು, ನಾಲ್ಕು ಆಯಾಮದ ಜಾಲಕಕ್ಕಾದರೆ ಎರಡು ಆಯಾಮಗಳನ್ನು ಚಿಪ್ಪಿನೊಳಗೇ ಉಳಿಸಿಕೊಂಡು ಉಳಿದೆರಡನ್ನು ಮಾತ್ರ ಹಂಚಬೇಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಅನುಪಮ್, ಹೈದರಾಬಾದಿನ ರಕ್ಷಣಾ ಪ್ರಯೋಗಾಲಯದ ಪೇಸ್, ದೂರಸಂಪರ್ಕ ಸಂಸ್ಥೆಯಾದ ಸಿ-ಡಾಟ್‌ನ ಚಿಪ್ಸ್ ಮುಂತಾದ ಯಂತ್ರಗಳೂ ಬಂದವು.

ಇವುಗಳಿಗೆಲ್ಲ ನಿಜವಾದ ಒರೆಗಲ್ಲಾದದ್ದು ಮಳೆ. ದೆಹಲಿಯ ಕೇಂದ್ರದಲ್ಲಿ ಕ್ರೇ ಯಂತ್ರದ ಮೇಲೆ ಓಡುತ್ತಿದ್ದ ಟಿ-80 ಎಂಬ ಹವಾಮಾನ ಮಾದರಿಯನ್ನು ದೇಶೀ ಸಮಾಂತರ ಯಂತ್ರಗಳು ನಡೆಸಬಲ್ಲವೇ ಎಂಬ ಪರೀಕ್ಷೆ 1990ರ ದಶಕದ ಮೊದಲರ್ಧದಲ್ಲಿ ನಡೆಯಿತು. ಇಂಟೆಲ್ ಐ860 ಚಿಪ್ಪುಗಳ ಫ್ಲೋಸಾಲ್ವರ್‌ನ ಮೂರನೆಯ ಮಾದರಿ ಅದರಲ್ಲಿ ಮುಂದಿತ್ತು. ಟಿ-80 ಹವಾಮಾನ ಮಾದರಿಯ ಬಿಂದುಜಾಲ ಭೂಮಿಯನ್ನು ಅಡ್ಡಕ್ಕೆ 256, ಉದ್ದಕ್ಕೆ 128 ಭಾಗ ಮಾಡಿ, ಮೇಲಕ್ಕೆ 18 ಪದರಗಳನ್ನು ಇಡುತ್ತಿತ್ತು. ಕರ್ನಾಟಕದ ಅಕ್ಷಾಂಶದಲ್ಲಿ ಅದರ ಒಂದು ಚೌಕದ ಬದಿ ಸುಮಾರು 150 ಕಿಲೋಮೀಟರ್. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಕರ್ಜಗಿ, ಮೆಣಸಿನಕಾಯಿಯ ಬ್ಯಾಡಗಿ, ಹತ್ತಿಬೀಜದ ರಾಣೆಬೆನ್ನೂರು, ನಡುವಿನ ಹಾವೇರಿ, ಪಶ್ಚಿಮಕ್ಕೆ ಅರೆಮಲೆನಾಡಿನ ಹಾನಗಲ್ಲು ಇವೆಲ್ಲ ಅದರ ಪಾಲಿಗೆ ಒಂದೇ ಚೌಕದೊಳಗೆ ಅಡಗುವಷ್ಟು ನೆಲ. ಇಡೀ ಹಾವೇರಿ ಜಿಲ್ಲೆ ಆ ಚೌಕದ ಐದನೆಯ ಒಂದು ಭಾಗವೂ ಕಷ್ಟದಿಂದ ಆಗುತ್ತದೆ. ಹಾನಗಲ್ಲಿನ ಭತ್ತದ ಗದ್ದೆಗೆ ಸುರಿದು ರಾಣೆಬೆನ್ನೂರಿನ ಕಪ್ಪುಮಣ್ಣಿಗೆ ಕೈಕೊಡುವ ಮುಂಗಾರನ್ನು ಅಂಥ ಮಾದರಿ ಒಂದೇ ಸಂಖ್ಯೆಯಲ್ಲಿ ಹೇಳಬೇಕಾಗಿತ್ತು. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುತ್ತದೆ, ಹಾಗಾಗಿ ಪದರಗಳನ್ನು ಮುಟ್ಟದಿದ್ದರೂ ಕೆಲಸ ಎಂಟು ಪಟ್ಟಾಗುತ್ತದೆ. ಮುನ್ಸೂಚನೆಯನ್ನು ಹೋಬಳಿಯ ಮಟ್ಟಕ್ಕೆ ಇಳಿಸುವುದು ಅಂದಿನ ಯಂತ್ರಗಳ ಕೈಗೆ ಎಟುಕದಿದ್ದುದಕ್ಕೆ ಈ ಗುಣಾಕಾರವೇ ಕಾರಣ.

ಟಿ-80 ಮಾದರಿ ಇನ್ನೊಂದು ತೊಡಕನ್ನೂ ಹೊರಗೆಡಹಿತು. ಈ ಚರಿತ್ರೆಯಲ್ಲಿ ತಾಂತ್ರಿಕವಾಗಿ ಬಹುಶಃ ಅತ್ಯಂತ ಸ್ವಾರಸ್ಯದ ಭಾಗ ಅದೇ. ಆ ಮಾದರಿ ವಾತಾವರಣವನ್ನು ಬರಿಯ ಬಿಂದುಗಳಲ್ಲಿ ಹಿಡಿಯದೆ, ಭೂಗೋಳವನ್ನು ಸುತ್ತುವರಿಯುವ ಅಲೆಗಳ ಮೊತ್ತವಾಗಿ ವಿವರಿಸುವಂಥದ್ದು. ಒಂದೊಂದು ಅಲೆಯ ಎತ್ತರವನ್ನು ಕಂಡುಹಿಡಿಯಲು ಭೂಮಿಯ ಎಲ್ಲ ಬಿಂದುಗಳ ಬೆಲೆಯೂ ಬೇಕು. ಎಂದರೆ ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಎಲ್ಲ ಪ್ರೊಸೆಸರ್‌ಗಳೂ ಎಲ್ಲ ಪ್ರೊಸೆಸರ್‌ಗಳೊಡನೆ ಮಾತಾಡಬೇಕು. ನೆರೆಯವರೊಡನೆ ಮಾತ್ರ ಮಾತು ಎಂಬ ನೆಮ್ಮದಿ ಇಲ್ಲಿ ಮುರಿಯುತ್ತದೆ. ಕೆಲಸದ ಒಂದು ಭಾಗ ಹಂಚಿಕೆಗೆ ಒಗ್ಗದಿದ್ದರೆ ಎಷ್ಟು ಪ್ರೊಸೆಸರ್ ಸೇರಿಸಿದರೂ ವೇಗಕ್ಕೆ ಮಿತಿಯಿದೆಯೆಂದು ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದನು: ಶೇಕಡಾ 5ರಷ್ಟು ಕೆಲಸ ಸಾಲಾಗಿಯೇ ನಡೆಯಬೇಕಾದರೆ, ಸಾವಿರ ಪ್ರೊಸೆಸರ್‌ಗಳಿದ್ದರೂ ವೇಗ 20 ಪಟ್ಟಿಗಿಂತ ಹೆಚ್ಚಲಾರದು. ಬೆಂಗಳೂರಿನ ತಂಡ ಇದಕ್ಕೆ ಕಂಡುಕೊಂಡ ಉಪಾಯಕ್ಕೆ ಫ್ಲೋಸ್ವಿಚ್ ಎಂದು ಹೆಸರು. ಸಾಮಾನ್ಯ ಸ್ವಿಚ್ಚು ಒಂದು ಪ್ರೊಸೆಸರಿನ ಸಂದೇಶವನ್ನು ಇನ್ನೊಂದಕ್ಕೆ ತಲುಪಿಸುವ ಕೆಲಸವಷ್ಟನ್ನೇ ಮಾಡಿದರೆ, ಇದು ಹಾದುಹೋಗುವ ಸಂಖ್ಯೆಗಳನ್ನು ದಾರಿಯಲ್ಲೇ ಕೂಡಿಸಿ ಮೊತ್ತವನ್ನು ಎಲ್ಲರಿಗೂ ಕಳುಹಿಸುತ್ತಿತ್ತು. ಪೆಂಟಿಯಂ ಚಿಪ್ಪುಗಳ ಫ್ಲೋಸಾಲ್ವರ್ ಆರನೆಯ ಮಾದರಿ, 128 ಪ್ರೊಸೆಸರ್‌ಗಳೊಡನೆ, ಈ ತತ್ತ್ವದ ಮೇಲೆಯೇ ನಿಂತಿತು. ಅಲ್ಲಿಂದ ವರ್ಷಾ ಎಂಬ ಸ್ವಂತ ಹವಾಮಾನ ಮಾದರಿಯೂ ಹೊರಬಂದಿತು. ಸಂಪರ್ಕಜಾಲದೊಳಗೇ ಸಂಕಲನ ಮಾಡುವ ಈ ಕಲ್ಪನೆಯನ್ನು ಇಂದಿನ ದೊಡ್ಡ ಯಂತ್ರಗಳ ತಯಾರಕರೂ ಅನುಸರಿಸುತ್ತಾರೆಂಬುದನ್ನು ನೋಡಿದರೆ, ಅಂದು ದೊರೆತದ್ದಕ್ಕಿಂತ ಹೆಚ್ಚಿನ ಮನ್ನಣೆ ಅದಕ್ಕೆ ಸಲ್ಲಬೇಕಿತ್ತು.

ಜಾಲಕ ಗಣನೆಯ ತೊಡಕು ಬೇರೆ ಬಗೆಯದು. ಅದರಲ್ಲಿ ಮಾತು ನೆರೆಯವರೊಡನೆಯೇ, ಆದರೆ ನೆರೆಯವರು ತೀರ ಹೆಚ್ಚು. ಎರಡು ಆಯಾಮದ ನಕ್ಷೆಯಲ್ಲಿ 16ಕ್ಕೆ 16ರ ಒಂದು ತುಂಡನ್ನು ಪ್ರೊಸೆಸರ್‌ಗೆ ಕೊಟ್ಟರೆ, ಅದರ 256 ಬಿಂದುಗಳಲ್ಲಿ 196 ಒಳಗಿನವು, ಅಂಚಿನವು 60 ಮಾತ್ರ. ನಾಲ್ಕು ಆಯಾಮದಲ್ಲಿ ಅಷ್ಟೇ 256 ಬಿಂದುಗಳ, ಎಂದರೆ ಪ್ರತಿ ದಿಕ್ಕಿಗೆ ನಾಲ್ಕರ ತುಂಡನ್ನು ತೆಗೆದುಕೊಂಡರೆ ಒಳಗೆ ಉಳಿಯುವುದು ಬರಿಯ 16 ಬಿಂದುಗಳು. ಉಳಿದ 240 ಅಂಚಿನಲ್ಲೇ ನಿಲ್ಲುತ್ತವೆ. ಲೆಕ್ಕ ಮಾಡುವುದಕ್ಕಿಂತ ಹೇಳಿ ಕೇಳುವುದಕ್ಕೇ ಯಂತ್ರ ಹೆಚ್ಚು ಸಮಯ ಕಳೆಯುವ ಅಪಾಯ ಇಲ್ಲಿದೆ. ಇದರ ಮೇಲೆ ಕ್ವಾರ್ಕುಗಳ ಹೊರೆ: ಅವುಗಳ ಪರಿಣಾಮವನ್ನು ಸೇರಿಸಲು ಕೋಟ್ಯಂತರ ಸಾಲುಗಳ ಸಮೀಕರಣವ್ಯೂಹವೊಂದನ್ನು ಮತ್ತೆ ಮತ್ತೆ ಬಿಡಿಸಬೇಕು, ಬಿಡಿಸುವ ಪ್ರತಿ ಸುತ್ತಿನಲ್ಲೂ ಇಡೀ ಜಾಲಕದ ಒಂದು ಮೊತ್ತ ಬೇಕು, ಮೊದಲ ಹತ್ತು ವರ್ಷಗಳ ಬಹುಪಾಲು ಗಣನೆಗಳು ಕ್ವಾರ್ಕುಗಳು ಹುಟ್ಟಿ ಅಳಿಯುವ ಪರಿಣಾಮವನ್ನು ಬದಿಗಿಟ್ಟು ನಡೆದದ್ದು ಈ ಭಾರಕ್ಕೆ ಅಂಜಿಯೇ. ಆದ್ದರಿಂದ ಜಾಲಕ ವಿಜ್ಞಾನಿಗಳು ಪ್ರೊಸೆಸರಿನ ವೇಗಕ್ಕಿಂತ ಸಂಪರ್ಕದ ವೇಗಕ್ಕೆ ತಲೆಕೆಡಿಸಿಕೊಂಡು ತಮ್ಮದೇ ಯಂತ್ರಗಳನ್ನು ಕಟ್ಟತೊಡಗಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಕ್ರೈಸ್ಟ್ ಅವರ ಗುಂಪು ಕಟ್ಟಿದ ಯಂತ್ರಗಳಿಂದ ಐಬಿಎಂ ಕಂಪನಿಯ ಬ್ಲೂ ಜೀನ್ ಎಂಬ ಸೂಪರ್‌ಕಂಪ್ಯೂಟರ್ ಬೆಳೆಯಿತು. ಚೆನ್ನೈಯ ಗಣಿತವಿಜ್ಞಾನ ಸಂಸ್ಥೆಯಲ್ಲಿ ಎನ್.ಡಿ. ಹರಿದಾಸ್ ಮತ್ತವರ ಸಂಗಡಿಗರು 2004ರಲ್ಲಿ ಜಾಲಕ ಗಣನೆಗೆಂದೇ ಕಟ್ಟಿದ ಕಬ್ರು ಎಂಬ ಯಂತ್ರದಲ್ಲಿ, ಎರಡೆರಡು ಪ್ರೊಸೆಸರ್‌ಗಳ 144 ಘಟಕಗಳನ್ನು 6, 6, 4ರ ಮೂರು ಆಯಾಮದ ಸುತ್ತುಬಲೆಯಾಗಿ ಜೋಡಿಸಲಾಗಿತ್ತು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕಗಳ ಗಡಿಯನ್ನು, ಎಂದರೆ ಒಂದು ಟೆರಾಫ್ಲಾಪ್ ಅನ್ನು, ಅದು ನಿಜವಾಗಿ ಓಡಿ ಮುಟ್ಟಿತು.

ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಗಣಕಯಂತ್ರ ಮತ್ತು ಭೌತವಿಜ್ಞಾನ ಎಂಬ ಎರಡು ಧಾರೆಗಳೂ ಒಂದೆಡೆ ಸೇರಿದವು. ವಿ. ರಾಜಾರಾಮನ್ ಅವರ ಮುಂದಾಳತ್ವದಲ್ಲಿ ಸಂಸ್ಥೆಯ ಗಣಕ ಕೇಂದ್ರ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವಾಗಿ ಬೆಳೆಯಿತು. ಇ.ಸಿ.ಜಿ. ಸುದರ್ಶನ್ 1972ರಲ್ಲಿ ಆರಂಭಿಸಿದ್ದ ಸೈದ್ಧಾಂತಿಕ ಅಧ್ಯಯನ ಕೇಂದ್ರ ಮುಂದೆ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರವಾಯಿತು. ಅಪೂರ್ವ ಪಟೇಲ್ ಅವರು ಎರಡು ಕೇಂದ್ರಗಳಿಗೂ ಸೇರಿದವರಾಗಿ ತಮ್ಮ ಪ್ರಬಂಧಗಳಲ್ಲಿ ಎರಡರ ಹೆಸರನ್ನೂ ಬರೆಯುತ್ತಿದ್ದದ್ದು ಆ ಕಾಲದ ಒಂದು ಚಿಕ್ಕ ಸಾಕ್ಷ್ಯ. ಯಂತ್ರಗಳ ಕಥೆಯನ್ನು ಇಲ್ಲಿ ಬೇಗ ಮುಗಿಸಬಹುದು. 2003ರಲ್ಲಿ ಸಿ-ಡ್ಯಾಕ್ ತನ್ನ ಒಂದು ಟೆರಾಫ್ಲಾಪ್ ಸಾಮರ್ಥ್ಯದ ಪರಮ್ ಪದ್ಮವನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿತು, ಅದು ಜಗತ್ತಿನ 500 ಯಂತ್ರಗಳ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆಯಿತು, ವಿಜ್ಞಾನ ಸಂಸ್ಥೆಗೆ 2007ರಲ್ಲಿ ಬ್ಲೂ ಜೀನ್ ಬಂದಿತು, 2015ರಲ್ಲಿ 33,000ಕ್ಕೂ ಹೆಚ್ಚು ಪ್ರೊಸೆಸರ್ ತಿರುಳುಗಳ ಸಹಸ್ರಟಿ ಬಂದಿತು, 2022ರಲ್ಲಿ 3.3 ಪೆಟಾಫ್ಲಾಪ್ (ಎಂದರೆ 3,300 ಟೆರಾಫ್ಲಾಪ್) ಸಾಮರ್ಥ್ಯದ, ದೇಶದಲ್ಲಿಯೇ ಜೋಡಿಸಿದ ಪರಮ್ ಪ್ರವೇಗ ಸ್ಥಾಪನೆಯಾಯಿತು. ಸಹಸ್ರಟಿ ತಯಾರಾದದ್ದು ಕ್ರೇ ಕಂಪನಿಯಲ್ಲಿ. ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲು ಪರವಾನಗಿ ಸಿಗದೆ ಹೋದ ಹೆಸರು ಯಾವ ಸದ್ದುಗದ್ದಲವೂ ಇಲ್ಲದೆ ಬಂದಿಳಿಯಿತು. ಆ ಹೊತ್ತಿಗೆ ಕ್ರೇ ಯಂತ್ರವೆಂದರೂ ಒಳಗೆ ಮಾರುಕಟ್ಟೆಯ ಇಂಟೆಲ್ ಚಿಪ್ಪುಗಳ ಸಮಾಂತರ ಜೋಡಣೆಯೇ ಆಗಿತ್ತೆಂಬುದು 1986ರ ತಂಡದ ಆಯ್ಕೆಯನ್ನು ಸಮರ್ಥಿಸುತ್ತದೆ.

ಮಳೆಯ ಲೆಕ್ಕವೂ ಈ ನಡುವೆ ಸೂಕ್ಷ್ಮವಾಯಿತು. ಬರ ಉಸ್ತುವಾರಿ ಘಟಕದಿಂದ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿತು. ಸಿ-ಮ್ಯಾಕ್ಸ್‌ನ ಸಹಯೋಗದಲ್ಲಿ ಹೋಬಳಿ ಮಟ್ಟದ ಮುನ್ಸೂಚನೆಗಳು ಹೊರಬಿದ್ದವು. ಟಿ-80 ಮಾದರಿಯಲ್ಲಿ ಬಿಡಿಬಿಡಿಯಾಗಿ ಅಸ್ತಿತ್ವವೇ ಇಲ್ಲದಿದ್ದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳು ಹೀಗೆ ಲೆಕ್ಕದೊಳಗೆ ಬೇರೆ ಬೇರೆ ಸಂಖ್ಯೆಗಳಾಗಿ ಕಾಣಿಸಿಕೊಂಡವು. ಆ ಸಂಖ್ಯೆಗಳನ್ನು ಬಿತ್ತನೆಗೆ ನೆಚ್ಚಬಹುದಾದದ್ದು ಎಷ್ಟರ ಮಟ್ಟಿಗೆ ಎಂಬುದು ಬೇರೆಯೇ ಪ್ರಶ್ನೆ. ಚೌಕ ಕಿರಿದಾದ ಮಾತ್ರಕ್ಕೆ ಮೋಡದ ಭೌತವಿಜ್ಞಾನ ಸುಲಭವಾಗುವುದಿಲ್ಲ.

ಜಾಲಕ ಗಣನೆಯ ಕಡೆ 2008ರಲ್ಲಿ ಯೂರೋಪಿನ ತಂಡವೊಂದು ಜರ್ಮನಿಯ ಬ್ಲೂ ಜೀನ್ ಯಂತ್ರವನ್ನು ಬಳಸಿ ಪ್ರೋಟಾನು ಮುಂತಾದ ಕಣಗಳ ರಾಶಿಯನ್ನು ಕೆಲವೇ ಶೇಕಡಾ ದೋಷದೊಳಗೆ ಲೆಕ್ಕ ಹಾಕಿತು. ಪ್ರೋಟಾನಿನ ತೂಕದಲ್ಲಿ ಕ್ವಾರ್ಕುಗಳ ಸ್ವಂತ ತೂಕ ಅತ್ಯಲ್ಪ, ಉಳಿದದ್ದೆಲ್ಲ ಬಂಧನದ ಶಕ್ತಿ ಎಂಬ ಮಾತಿಗೆ ಸಂಖ್ಯೆಯ ಆಧಾರ ದೊರೆತದ್ದು ಹೀಗೆ. ಭಾರತದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆರ್.ವಿ. ಗವಾಯಿ ಮತ್ತು ಸೌರೇಂದು ಗುಪ್ತ ಹಿಡಿದ ಪ್ರಶ್ನೆ ಇನ್ನೊಂದು: ಪದಾರ್ಥವನ್ನು ವಿಪರೀತ ಕಾಯಿಸಿದಾಗ, ಅಥವಾ ನ್ಯೂಟ್ರಾನ್ ನಕ್ಷತ್ರದೊಳಗಿನಂತೆ ಒತ್ತೊತ್ತಾಗಿ ತುಂಬಿದಾಗ, ಪ್ರೋಟಾನುಗಳು ಕರಗಿ ಕ್ವಾರ್ಕುಗಳ ರಸವಾಗುವುದು ಎಲ್ಲಿ ಎಂಬುದು. ಕಾಯಿಸುವ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಬೆಂಗಳೂರಿನ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರದ ಪ್ರಸಾದ್ ಹೆಗಡೆಯವರೂ ಸದಸ್ಯರಾಗಿದ್ದ ಅಂತಾರಾಷ್ಟ್ರೀಯ ತಂಡ 2019ರಲ್ಲಿ ಪ್ರಕಟಿಸಿದ ಗಣನೆಯಂತೆ ಆ ಬದಲಾವಣೆ ನಡೆಯುವುದು 156.5 ಮೆಗಾ ಎಲೆಕ್ಟ್ರಾನ್ ವೋಲ್ಟಿನಲ್ಲಿ, ಅನಿಶ್ಚಿತತೆ 1.5, ಎಂದರೆ ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್ ಉಷ್ಣತೆಯಲ್ಲಿ.

ಒತ್ತೊತ್ತಾಗಿ ತುಂಬುವ ಪ್ರಶ್ನೆಗೆ ಮಾತ್ರ ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿಸುವುದರಿಂದ ಉತ್ತರ ಬಂದಿಲ್ಲ. ಮಾಂಟೆ ಕಾರ್ಲೊ ವಿಧಾನದಲ್ಲಿ ಪ್ರತಿ ವಿನ್ಯಾಸಕ್ಕೂ ಒಂದು ಧನಾತ್ಮಕ ತೂಕವಿರಬೇಕು. ಕ್ವಾರ್ಕುಗಳು ತಮ್ಮ ಪ್ರತಿಕಣಗಳಾದ ಪ್ರತಿಕ್ವಾರ್ಕುಗಳಿಗಿಂತ ಹೆಚ್ಚಾದೊಡನೆ ಆ ತೂಕ ಮಿಶ್ರ ಸಂಖ್ಯೆಯಾಗಿ, ಒಂದು ವಿನ್ಯಾಸ ಕೊಟ್ಟದ್ದನ್ನು ಇನ್ನೊಂದು ಅಳಿಸಿಹಾಕುತ್ತ, ಸರಾಸರಿಯಲ್ಲಿ ಗದ್ದಲ ಮಾತ್ರ ಉಳಿಯುತ್ತದೆ. ಜಾಲಕ ದೊಡ್ಡದಾದಷ್ಟೂ ಈ ಅಳಿಸಾಟ ಘಾತೀಯವಾಗಿ ಬೆಳೆಯುತ್ತದೆ. ಆದ್ದರಿಂದ ಗವಾಯಿ, ಗುಪ್ತ, ಹೆಗಡೆ ಮುಂತಾದವರು ಹಿಡಿದ ದಾರಿ ಸುತ್ತಿನದು: ಕ್ವಾರ್ಕುಗಳೂ ಪ್ರತಿಕ್ವಾರ್ಕುಗಳೂ ಸಮವಿರುವ ಸುರಕ್ಷಿತ ಸ್ಥಿತಿಯಲ್ಲೇ ಗಣನೆ ನಡೆಸಿ, ಅಲ್ಲಿಂದ ಸ್ವಲ್ಪಸ್ವಲ್ಪವೇ ಸರಿದರೆ ಏನಾದೀತೆಂಬುದನ್ನು ಟೇಲರ್ ಶ್ರೇಣಿಯ ಗುಣಾಂಕಗಳಾಗಿ ಒಂದೊಂದೇ ಕಂಡುಹಿಡಿಯುವುದು. ಶ್ರೇಣಿಯಲ್ಲಿ ಮುಂದಕ್ಕೆ ಹೋದಂತೆ ಗುಣಾಂಕಗಳಿಗೆ ಬೇಕಾದ ಲೆಕ್ಕ ತೀವ್ರವಾಗಿ ಬೆಳೆಯುತ್ತದೆ. ಒಂದೊಂದು ವಿನ್ಯಾಸದ ಮೇಲೂ ನೂರಾರು ಯಾದೃಚ್ಛಿಕ ಸದಿಶಗಳಿಗೆ ಸಮೀಕರಣವ್ಯೂಹವನ್ನು ಪ್ರತ್ಯೇಕವಾಗಿ ಬಿಡಿಸಬೇಕಾಗುತ್ತದೆ. ಆ ನೂರಾರು ಲೆಕ್ಕಗಳಿಗೆ ಪರಸ್ಪರ ಸಂಬಂಧವಿಲ್ಲ. ಒಂದು ಗುಂಪಿನ ಪ್ರೊಸೆಸರ್‌ಗಳು ಇನ್ನೊಂದು ಗುಂಪನ್ನು ಕೊನೆಯ ಸರಾಸರಿಯವರೆಗೆ ಏನನ್ನೂ ಕೇಳಬೇಕಾಗಿಲ್ಲ.